ದೂರವಾಣಿಯ ತಂತಿ, ಮೋಡೆಮ್ ಮತ್ತು ಲಿನಕ್ಸ್

ಕಾರ್ಕಳದಿಂದ ಮಾಳದ ಘಟ್ಟವನ್ನೇರಿ ಶೃಂಗೇರಿಗೆ ಸಾಗುವ ಹಾದಿಯಲ್ಲಿ ಕೆರೆಕಟ್ಟೆ ಎಂಬ ಊರಿದೆ. ಸುತ್ತಲೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಟ್ಟವಾದ ಕಾಡು. ಆಷಾಢ, ಶ್ರಾವಣಗಳಲ್ಲಿ ಹಗಲಿರುಳೆನ್ನದೆ ಸುರಿಯುವ ಮಳೆ. ಇಂತಹ ಮಲೆನಾಡಿನ ಊರುಗಳಲ್ಲಿ ತಂತಿಯ ದೂರವಾಣಿಯನ್ನು ಬಳಸಿದವರಿಗೆ ಮಳೆಗಾಲದ ಗರಗರ ಸದ್ದು ಚೆನ್ನಾಗಿ ಗೊತ್ತು. ತಂತಿಯ ಜೋಡಣೆಗಳಲ್ಲಿ ನೀರು ಸೇರಿದೊಡನೆ ಮಾತಿಗಿಂತ ಗದ್ದಲವೇ ಹೆಚ್ಚಾಗುತ್ತಿತ್ತು. ಮನುಷ್ಯರಾದರೆ “ಏನೆಂದಿರಿ? ಇನ್ನೊಮ್ಮೆ ಹೇಳಿ” ಎಂದು ಕೇಳಿಯಾರು. ಅದೇ ತಂತಿಯ ಮೇಲೆ ಎರಡು ಗಣಕಯಂತ್ರಗಳು ಮಾತನಾಡಬೇಕಾದರೆ ಹೇಗೆ?

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಅಂದಿನಿಂದ ಹಲವು ವರ್ಷಗಳ ಕಾಲ ಮನೆಗಳಿಗೆ ಅಂತರಜಾಲ ಬರುತ್ತಿದ್ದುದು ಬಹುಮಟ್ಟಿಗೆ ಈ ತಂತಿಯ ಮೂಲಕವೇ. ಅದನ್ನು ಸಾಧ್ಯಗೊಳಿಸಿದ ಉಪಕರಣವೇ ಮೋಡೆಮ್.

ಧ್ವನಿಯಾಗುವ ಅಂಕಗಳು

ಗಣಕಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳು. ಇಂತಹ ಒಂದೊಂದು ಅಂಕವನ್ನೂ ‘ಬಿಟ್’ ಎನ್ನುವರು. ದೂರವಾಣಿಯ ವ್ಯವಸ್ಥೆಯಾದರೋ ಮನುಷ್ಯನ ಧ್ವನಿಗಾಗಿ ಏರ್ಪಟ್ಟದ್ದು. ಸೆಕೆಂಡಿಗೆ ಸುಮಾರು 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಅದು ದಾಟಿಸಬಲ್ಲದು. ಆದುದರಿಂದ ಬಿಟ್‌ಗಳನ್ನು ಈ ಮಿತಿಯೊಳಗಿನ ಧ್ವನಿಸಂಜ್ಞೆಗಳಾಗಿ ಮಾರ್ಪಡಿಸಿ ಕಳುಹಿಸಬೇಕು. ಆಚೆಯ ತುದಿಯಲ್ಲಿ ಅವನ್ನು ಮರಳಿ ಬಿಟ್‌ಗಳಾಗಿಸಬೇಕು. ಮಾರ್ಪಡಿಸುವ ‘ಮಾಡ್ಯುಲೇಟರ್’ ಮತ್ತು ಮರಳಿಸುವ ‘ಡಿಮಾಡ್ಯುಲೇಟರ್’ ಎಂಬ ಎರಡು ಹೆಸರುಗಳು ಕೂಡಿ ಮೋಡೆಮ್ ಎಂಬ ಪದವಾಯಿತು.

ಹೀಗೆ ಎಷ್ಟು ವೇಗವಾಗಿ ಕಳುಹಿಸಬಹುದು? 1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಇದಕ್ಕೆ ಗಣಿತದ ಉತ್ತರವನ್ನು ಕೊಟ್ಟನು. ಕಂಪನಗಳ ಹರವು ಮತ್ತು ಗದ್ದಲಕ್ಕೆ ಹೋಲಿಸಿದರೆ ಸಂಜ್ಞೆಯ ಬಲ, ಇವೆರಡೇ ವೇಗದ ಮೇಲ್ಮಿತಿಯನ್ನು ನಿರ್ಧರಿಸುತ್ತವೆ. ಸಂಜ್ಞೆಯು ಗದ್ದಲಕ್ಕಿಂತ 3,000 ಪಾಲು ಬಲವಾಗಿದ್ದರೆ ದೂರವಾಣಿಯ ಹರವಿನಲ್ಲಿ ಸೆಕೆಂಡಿಗೆ ಸುಮಾರು 36,000 ಬಿಟ್‌ಗಳು ಸಾಗಬಲ್ಲವು. ಮಳೆಯಲ್ಲಿ ತಂತಿ ನೆನೆದು ಈ ಪ್ರಮಾಣವು 100 ಪಾಲಿಗೆ ಇಳಿಯಿತೆನ್ನೋಣ. ಆಗ ಮಿತಿಯು ಸುಮಾರು 20,000ಕ್ಕೆ ಕುಗ್ಗುವುದು. ಹತ್ತು ಲಕ್ಷ ಅಕ್ಷರಗಳ, ಎಂದರೆ ಎಂಬತ್ತು ಲಕ್ಷ ಬಿಟ್‌ಗಳ ಒಂದು ಕಡತಕ್ಕೆ ಮೊದಲು ನಾಲ್ಕು ನಿಮಿಷ ಸಾಕಾಗಿದ್ದರೆ ಈಗ ಏಳು ನಿಮಿಷ ಬೇಕು. ಎಷ್ಟೇ ಬೆಲೆಯ ಮೋಡೆಮ್ ತಂದರೂ ಈ ಮಿತಿಯನ್ನು ಮೀರಲಾಗದು.

ವಿನಿಮಯ ಕೇಂದ್ರಗಳು ಅಂಕೀಯವಾದ ಮೇಲೆ ಮಾತ್ರ ಇನ್ನೊಂದು ದಾರಿ ತೆರೆಯಿತು. ನಮ್ಮ ದೇಶದಲ್ಲಿ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರೂಪಿಸಿದ ಇಂತಹ ಸಣ್ಣ ವಿನಿಮಯ ಕೇಂದ್ರವು ಮೊದಲಿಗೆ 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸಕ್ಕೆ ತೊಡಗಿತು. ಕೇಂದ್ರದಿಂದಾಚೆಗಿನ ಹಾದಿಯೆಲ್ಲ ಅಂಕೀಯವಾಗಿದ್ದರೆ, ಮನೆಯ ಕಡೆಗೆ ಬರುವ ಸಂಜ್ಞೆಗಳನ್ನು ಸೆಕೆಂಡಿಗೆ 56,000 ಬಿಟ್‌ಗಳವರೆಗೆ ಕಳುಹಿಸುವ ವಿಧಾನ 1998ರಲ್ಲಿ ಮಾನ್ಯವಾಯಿತು.

ಲಿನಕ್ಸ್‌ನ ಹುಟ್ಟು

ಲಿನಕ್ಸ್‌ಗೂ ಮೋಡೆಮ್‌ಗೂ ಹುಟ್ಟಿನಿಂದಲೇ ನಂಟು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್, ತನ್ನ ಮನೆಯ ಗಣಕದಿಂದ ವಿಶ್ವವಿದ್ಯಾನಿಲಯದ ಗಣಕವನ್ನು ದೂರವಾಣಿಯ ಮೂಲಕ ತಲಪಲು 1991ರಲ್ಲಿ ಒಂದು ಸಣ್ಣ ತಂತ್ರಾಂಶವನ್ನು ಬರೆದನು. ಅದೇ ಬೆಳೆದು ಲಿನಕ್ಸ್ ಆಯಿತು. ಒಮ್ಮೆ ಆತನು ಮೋಡೆಮ್‌ಗೆ ಹೋಗಬೇಕಾಗಿದ್ದ ಡಯಲ್ ಆದೇಶವನ್ನು ಕೈತಪ್ಪಿನಿಂದ ಹಾರ್ಡ್ ಡಿಸ್ಕಿಗೆ ಕಳುಹಿಸಿ, ಅದರಲ್ಲಿದ್ದುದನ್ನು ಕೆಡಿಸಿಕೊಂಡನಂತೆ! ಇಂತಹ ಪ್ರಮಾದ ನಡೆಯಲು ಕಾರಣವುಂಟು. ಈ ಬಗೆಯ ವ್ಯವಸ್ಥೆಗಳಲ್ಲಿ ಡಿಸ್ಕು, ಮೋಡೆಮ್ ಮೊದಲಾದ ಉಪಕರಣಗಳೆಲ್ಲ ಕಡತಗಳಂತೆಯೇ ಕಾಣಿಸಿಕೊಳ್ಳುತ್ತವೆ. ಗಣಕದ ಮೊದಲನೆಯ ಸರಣಿ ದ್ವಾರದ ಹೆಸರು ‘ಟಿಟಿವೈಎಸ್ 0’. ಆ ಹೆಸರಿಗೆ ಬರೆದುದು ಮೋಡೆಮ್‌ಗೆ ತಲಪುವುದು. ಮೋಡೆಮ್ ಹೇಳಿದುದನ್ನು ಅಲ್ಲಿಂದಲೇ ಓದಬಹುದು.

ಸಂಪರ್ಕದ ಮೆಟ್ಟಿಲುಗಳು

ಮೋಡೆಮ್‌ಗೆ ಆದೇಶ ಕೊಡುವ ಭಾಷೆಯನ್ನು 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯು ಬಳಕೆಗೆ ತಂದಿತು. ಪ್ರತಿಯೊಂದು ಆದೇಶವೂ ‘ಗಮನಿಸು’ ಎಂಬರ್ಥದ ‘ಎಟಿ’ ಅಕ್ಷರಗಳಿಂದ ಆರಂಭವಾಗುತ್ತದೆ. ಬರಿಯ ‘ಎಟಿ’ ಎಂದರೆ ಮೋಡೆಮ್ ‘ಓಕೆ’ ಎನ್ನಬೇಕು. ‘ಎಟಿಡಿಟಿ’ ಎಂದು ಬರೆದು ಸಂಖ್ಯೆಯನ್ನು ಕೊಟ್ಟರೆ ಡಯಲ್ ಮಾಡುವುದು. ಹೊರದೇಶಗಳಿಗೆಂದು ತಯಾರಾದ ಕೆಲವು ಮೋಡೆಮ್‌ಗಳು ನಮ್ಮ ದೂರವಾಣಿಯ ಡಯಲ್ ನಾದವನ್ನು ಗುರುತಿಸದೆ ಸುಮ್ಮನಾಗುತ್ತಿದ್ದವು. ಅದಕ್ಕಾಗಿ ಕಾಯದೆ ಮುಂದುವರಿಯಲು ‘ಎಕ್ಸ್3’ ಎಂಬ ಆದೇಶವನ್ನು ಸೇರಿಸಬೇಕಾಗುತ್ತಿತ್ತು.

ಕರೆ ತಲಪಿದೊಡನೆ ಕೇಳಿಬರುತ್ತಿದ್ದ ಕಿರಿಚಾಟ ಅನೇಕರಿಗೆ ನೆನಪಿರಬಹುದು. ಅದು ಎರಡು ಮೋಡೆಮ್‌ಗಳು ತಂತಿಯ ಗುಣವನ್ನು ಪರೀಕ್ಷಿಸಿ, ಯಾವ ವೇಗದಲ್ಲಿ ಮಾತನಾಡುವುದೆಂದು ಒಪ್ಪಂದಕ್ಕೆ ಬರುವ ಸದ್ದು. ಆಮೇಲಿನ ಕೆಲಸ ಲಿನಕ್ಸ್‌ನ ‘ಪಿಪಿಪಿ’ ತಂತ್ರಾಂಶದ್ದು. ಅದು ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿ, ಗಣಕಕ್ಕೊಂದು ವಿಳಾಸವನ್ನು ಪಡೆದು, ಮಾಹಿತಿಯನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಸಾಗಿಸುವುದು. ಪ್ರತಿಯೊಂದು ಕಟ್ಟಿನ ಕೊನೆಯಲ್ಲಿಯೂ ಒಂದು ತಾಳೆಯ ಸಂಖ್ಯೆಯಿರುತ್ತದೆ. ಗದ್ದಲದಿಂದ ಕಟ್ಟು ಕೆಟ್ಟರೆ ತಾಳೆ ತಪ್ಪುವುದು. ಅಂತಹ ಕಟ್ಟನ್ನು ಎಸೆದು ಮತ್ತೆ ಕಳುಹಿಸುವ ಏರ್ಪಾಡು ಉಂಟು. “ಇನ್ನೊಮ್ಮೆ ಹೇಳಿ” ಎಂಬ ಮನುಷ್ಯನ ಉಪಾಯವೇ ಇಲ್ಲಿಯೂ ನಡೆಯುತ್ತದೆ.

ಹೀಗೆ ಕೆಲಸವು ಮೆಟ್ಟಿಲು ಮೆಟ್ಟಿಲಾಗಿ ನಡೆಯುವುದರಿಂದ ದೋಷ ಎಲ್ಲಿದೆಯೆಂದು ವಿದ್ಯಾರ್ಥಿಯೇ ಕಂಡುಕೊಳ್ಳಬಹುದಾಗಿತ್ತು. ‘ಓಕೆ’ ಬಾರದಿದ್ದರೆ ದೋಷ ದ್ವಾರದಲ್ಲಿ ಅಥವಾ ಮೋಡೆಮ್‌ನಲ್ಲಿ. ‘ಕನೆಕ್ಟ್’ ಎಂದ ಮೇಲೂ ವಿಳಾಸ ಸಿಗದಿದ್ದರೆ ಬಹುಶಃ ಗುಪ್ತಪದದಲ್ಲಿ. ವಿಳಾಸ ದೊರೆತೂ ತಾಣಗಳ ಹೆಸರುಗಳು ತೆರೆಯದಿದ್ದರೆ ಹೆಸರು ತಿಳಿಸುವ ಗಣಕದ ವಿಳಾಸವನ್ನು ಬರೆಯುವುದರಲ್ಲಿ.

ಮುಚ್ಚಿಟ್ಟ ಗುಟ್ಟು

ಆದರೆ ಎಷ್ಟೋ ಗಣಕಗಳಲ್ಲಿ ಮೊದಲನೆಯ ಮೆಟ್ಟಿಲನ್ನೇ ಹತ್ತಲಾಗುತ್ತಿರಲಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ‘ವಿನ್‌ಮೋಡೆಮ್’ ಎಂಬ ಅಗ್ಗದ ಬಗೆ ಹರಡಿತು. ಧ್ವನಿಯನ್ನು ಬಿಟ್‌ಗಳಾಗಿಸುವ ಲೆಕ್ಕಾಚಾರದ ಭಾಗವನ್ನು ಮೋಡೆಮ್‌ನಿಂದ ತೆಗೆದುಹಾಕಿ, ಆ ಹೊರೆಯನ್ನು ಗಣಕದ ತಂತ್ರಾಂಶಕ್ಕೆ ಹೊರಿಸಿದ್ದರು. ಆ ತಂತ್ರಾಂಶವಾದರೋ ಹೆಚ್ಚಾಗಿ ವಿಂಡೋಸ್‌ಗೆ ಮಾತ್ರ ದೊರೆಯುತ್ತಿತ್ತು. ಉಪಕರಣದ ಒಳಗಿನ ವಿವರಗಳನ್ನು ಅನೇಕ ತಯಾರಕರು ಪ್ರಕಟಿಸಲಿಲ್ಲ. ಲಿನಕ್ಸ್ ‘ಎಟಿ’ ಎಂದು ಕೂಗಿದರೆ ಓಗೊಡುವವರೇ ಇಲ್ಲ! ಉಪಕರಣ ಕೆಟ್ಟಿರಲಿಲ್ಲ, ತಂತಿಯೂ ಸರಿಯಾಗಿತ್ತು, ಇಲ್ಲದಿದ್ದುದು ತಿಳಿವಳಿಕೆ. ಆದುದರಿಂದಲೇ ಬಲ್ಲವರು, ಬೆಲೆ ಹೆಚ್ಚಾದರೂ ಸರಣಿ ದ್ವಾರಕ್ಕೆ ಹೊರಗಿನಿಂದ ಜೋಡಿಸುವ ಮೋಡೆಮ್ಮನ್ನೇ ಕೊಳ್ಳಿರೆಂದು ಹೇಳುತ್ತಿದ್ದರು.

ಇದಕ್ಕೆ ವಿರುದ್ಧವಾದ ಮಾದರಿಯೂ ನಮ್ಮಲ್ಲಿಯೇ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಕೋರ್ ಕಂಪನಿಯವರೂ ಕೂಡಿ ರೂಪಿಸಿ 2001ರಲ್ಲಿ ಹೊರಗಿಟ್ಟ ‘ಸಿಂಪ್ಯೂಟರ್’ ಎಂಬ ಕೈಗಣಕವು ಲಿನಕ್ಸ್‌ನಿಂದ ನಡೆಯುತ್ತಿತ್ತು. ಅದರೊಳಗೆ ಮೋಡೆಮ್ ಕೂಡ ಇದ್ದಿತು. ಯಂತ್ರದ ವಿನ್ಯಾಸವನ್ನು ಇತರರೂ ಬಳಸಲು ಅನುವಾಗುವಂತೆ ಅದಕ್ಕೊಂದು ಪರವಾನಗಿಯನ್ನೂ ರಚಿಸಲಾಗಿತ್ತು.

ಇಂದು ಡಯಲ್ ಸಂಪರ್ಕವು ಹಿಂದೆ ಸರಿದಿದೆ. ಮೋಡೆಮ್ ಮಾತ್ರ ಮಾಯವಾಗಿಲ್ಲ. ನಮ್ಮ ಕೈಯಲ್ಲಿರುವ ಮೊಬೈಲಿನೊಳಗೂ ಒಂದು ಮೋಡೆಮ್ ಇದೆ. ‘ಎಟಿ’ ಎಂಬ ಹಳೆಯ ಕರೆಯನ್ನು ಇಂತಹ ಮೋಡೆಮ್‌ಗಳು ಈಗಲೂ ಅರಿಯುತ್ತವೆ. ಆಂಡ್ರಾಯ್ಡ್ ಮೊಬೈಲುಗಳ ತಿರುಳು ಲಿನಕ್ಸೇ ಆಗಿದ್ದರೂ ಅವುಗಳ ಮೋಡೆಮ್‌ನ ಒಳಗಿನ ತಂತ್ರಾಂಶ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಮಳೆಯ ಗದ್ದಲವನ್ನು ಗಣಿತದಿಂದ ಅಳೆಯಬಹುದು, ತಾಳೆಯ ಸಂಖ್ಯೆಯಿಂದ ಗೆಲ್ಲಬಹುದು. ಬಚ್ಚಿಟ್ಟ ತಿಳಿವಳಿಕೆಯನ್ನು ಗೆಲ್ಲುವುದು ಅದಕ್ಕಿಂತ ಕಷ್ಟವೆಂಬುದನ್ನು ಯಂತ್ರಗಳನ್ನು ಕಲಿಯಹೊರಟ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.