ಒಬ್ಬ ಹುಡುಗನ ಕಾಲು, ಕೋಟಿ ಹುಡುಗರ ಸುನ್ನತಿ

1870ರ ಫೆಬ್ರುವರಿ. ನ್ಯೂಯಾರ್ಕಿನ ಮೂಳೆ ವೈದ್ಯ ಲೂಯಿಸ್ ಸೇಯರ್ ಅವರಿಗೆ ಮತ್ತೊಬ್ಬ ಹೆಸರಾಂತ ಶಸ್ತ್ರವೈದ್ಯ ಮರಿಯನ್ ಸಿಮ್ಸ್ ಅವರಿಂದ ಕರೆ ಬಂತು. ಐದು ವರ್ಷದ ಹುಡುಗನೊಬ್ಬನ ಮೊಣಕಾಲುಗಳು ಮಡಚಿಕೊಂಡೇ ಇದ್ದವು. ನೆಟ್ಟಗೆ ನಿಲ್ಲಲಾರ, ನಡೆಯಲಾರ. ಸೇಯರ್ ಬ್ಯಾಟರಿಯಿಂದ ಸಣ್ಣಗೆ ವಿದ್ಯುತ್ ಹಾಯಿಸಿ ಸ್ನಾಯುಗಳನ್ನು ಪರೀಕ್ಷಿಸುತ್ತಿದ್ದಾಗ ಪಕ್ಕದಲ್ಲಿದ್ದ ದಾದಿ ತಡೆದಳು. ಅವನ ಮೂತ್ರಾಂಗ ಮುಟ್ಟಬೇಡಿ, ಮಗುವಿಗೆ ಅಲ್ಲಿ ಬಹಳ ನೋವು ಎಂದಳು. ನೋಡಿದರೆ ಮುಂದೊಗಲು ಬಿಗಿದುಕೊಂಡಿತ್ತು. ಸೇಯರ್ ಕಾಲಿನ ಚಿಕಿತ್ಸೆಯನ್ನು ಅಲ್ಲಿಗೇ ಬಿಟ್ಟರು. ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟು ಸುನ್ನತಿ ಮಾಡಿದರು. ಕೆಲವೇ ವಾರಗಳಲ್ಲಿ ಹುಡುಗ ನಡೆದಾಡತೊಡಗಿದ.

ಅಲ್ಲಿಯವರೆಗೆ ಅಮೆರಿಕ, ಇಂಗ್ಲೆಂಡಿನ ಕ್ರೈಸ್ತ ಮನೆಗಳಿಗೆ ಸುನ್ನತಿಯೆಂದರೆ ಬೈಬಲಿನಲ್ಲಿ ಓದುವ ಸಂಗತಿ. ಎಂಟನೆಯ ದಿನ ಯೇಸುವಿಗೆ ಸುನ್ನತಿಯಾಯಿತೆಂದು ಇಂಗ್ಲೆಂಡಿನ ಚರ್ಚು ಜನವರಿ 1ನ್ನು ಅದೇ ಹೆಸರಿನ ಹಬ್ಬವಾಗಿ ಆಚರಿಸುತ್ತಿತ್ತು. ತಮ್ಮ ಮಕ್ಕಳಿಗೆ ಮಾತ್ರ ಯಾರೂ ಮಾಡಿಸುತ್ತಿರಲಿಲ್ಲ. ಯಹೂದಿಗಳಿಗೂ ಮುಸ್ಲಿಮರಿಗೂ ಅದು ದೇವರೊಂದಿಗಿನ, ಸಮುದಾಯದೊಂದಿಗಿನ ನಂಟು. ಆ ಆಚರಣೆಗೆ ತನ್ನದೇ ಅರ್ಥವಿದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಇರುವುದು ಸೇಯರ್ ಅವರ ಬಗ್ಗೆ.

ಏಕೆಂದರೆ ಅವರು ಅದೇ ವರ್ಷ ಅಮೆರಿಕದ ವೈದ್ಯಕೀಯ ಸಂಘದ ಸಂಪುಟದಲ್ಲಿ ಈ ಪ್ರಕರಣವನ್ನು ಪ್ರಕಟಿಸಿದರು. ದೇಹದ ಒಂದು ಕಡೆ ಕಿರಿಕಿರಿಯಾದರೆ ನರಗಳ ಮೂಲಕ ಇನ್ನೆಲ್ಲೋ ಕಾಯಿಲೆ ಏಳುತ್ತದೆ ಎಂಬ ನಂಬಿಕೆ ಆಗ ವೈದ್ಯರಲ್ಲಿ ಬಲವಾಗಿತ್ತು. ಸೇಯರ್ ಅವರಿಗೆ ಅದರ ಪುರಾವೆಯೇ ಸಿಕ್ಕಂತಾಯಿತು. ಕಾಲಿನ ತೊಂದರೆ, ಸೊಂಟದ ನೋವು, ಮೂರ್ಛೆರೋಗ, ಹೀಗೆ ಒಂದೊಂದಕ್ಕೂ ಮುಂದೊಗಲೇ ಕಾರಣವೆಂದು ಹುಡುಕುತ್ತಾ ಹೋದರು. ಅವರು ಯಾರೋ ಬೀದಿಬದಿಯ ಔಷಧಿ ಮಾರುವವರಲ್ಲ. ಬೆನ್ನುಮೂಳೆಯ ವಕ್ರತೆಗೆ ಪ್ಲಾಸ್ಟರ್ ಕವಚ ಹಾಕುವುದನ್ನು ಬಳಕೆಗೆ ತಂದವರು, ಮುಂದೆ ಅದೇ ವೈದ್ಯಕೀಯ ಸಂಘದ ಅಧ್ಯಕ್ಷರಾದವರು. ಅಂಥವರ ಮಾತನ್ನು ಪರೀಕ್ಷಿಸಿ ನೋಡುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಸುನ್ನತಿ ಮಾಡಿಸದ ಹುಡುಗರ ಗತಿ ಏನಾಗುತ್ತದೆ, ತಾನಾಗಿಯೇ ಗುಣವಾಗುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಬೇಕಿತ್ತು. ಆ ಕೆಲಸ ಎಂಟು ದಶಕ ಬಾಕಿ ಉಳಿಯಿತು.

ನಡುವೆ ಕಾರಣಗಳು ಒಂದರ ಮೇಲೊಂದು ಬಂದವು. ನಮ್ಮ ಮನೆಗಳಲ್ಲಿ ಬೆಳಗಿನ ತಿಂಡಿಗೆ ಬರುವ ಕಾರ್ನ್‌ಫ್ಲೇಕ್ಸ್‌ಗೆ ಹೆಸರಾದ ಡಾ. ಜಾನ್ ಹಾರ್ವಿ ಕೆಲಾಗ್, ಹುಡುಗರ ಹಸ್ತಮೈಥುನ ಬಿಡಿಸಲು ಸುನ್ನತಿಯೇ ಮದ್ದು ಎಂದು ಬರೆದರು. ಅರಿವಳಿಕೆ ಕೊಡದೆ ಮಾಡಬೇಕು, ಆ ನೋವು ಶಿಕ್ಷೆಯ ಹಾಗೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದೂ ಸಲಹೆ ಕೊಟ್ಟರು. ಒಬ್ಬ ವೈದ್ಯ ಮಕ್ಕಳ ಬಗ್ಗೆ ಹೀಗೆ ಬರೆದದ್ದನ್ನು ಓದಿದಾಗ ನನಗೆ ಮೈ ಉರಿಯಿತು. ಆಮೇಲೆ ಶುಚಿತ್ವದ ಮಾತು ಬಂತು. ಹೆರಿಗೆಗಳು ಆಸ್ಪತ್ರೆಯಲ್ಲಿ ಆಗತೊಡಗಿದ ಮೇಲಂತೂ ಅಮೆರಿಕದಲ್ಲಿ ಗಂಡು ಕೂಸಿನ ಸುನ್ನತಿ ರೂಢಿಯೇ ಆಯಿತು. ಮೊದಲು ಸುನ್ನತಿಯ ವಾಡಿಕೆಯೇ ಇರದ ದಕ್ಷಿಣ ಕೊರಿಯಾಕ್ಕೂ ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಪ್ರಭಾವದಿಂದ ಅದು ಕಾಲಿಟ್ಟು, ಮನೆಮನೆಗೂ ಹಬ್ಬಿತು.

ಬಾಕಿ ಉಳಿದಿದ್ದ ಲೆಕ್ಕಕ್ಕೆ ಕೈಹಚ್ಚಿದವರು ಕೇಂಬ್ರಿಜ್‌ನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್. ಅವರು ಮಾಡಿದ್ದು ತೀರಾ ಸರಳ ಕೆಲಸ. ನವಜಾತ ಶಿಶುಗಳಿಂದ ಹಿಡಿದು ಐದು ವರ್ಷದವರೆಗಿನ ಹುಡುಗರನ್ನು ಸುಮ್ಮನೆ ಪರೀಕ್ಷಿಸಿ ಬರೆದುಕೊಂಡರು. ಅವರ ಲೆಕ್ಕದಂತೆ ಹುಟ್ಟಿದಾಗ ಮುಂದೊಗಲು ಹಿಂದೆ ಸರಿಯುವುದು ನೂರರಲ್ಲಿ ನಾಲ್ಕು ಮಕ್ಕಳಿಗೆ ಮಾತ್ರ. ವರ್ಷ ತುಂಬುವಾಗ ಅರ್ಧದಷ್ಟು, ಮೂರು ವರ್ಷಕ್ಕೆ ನೂರರಲ್ಲಿ ತೊಂಬತ್ತು. ಎಂದರೆ ಅಷ್ಟು ಕಾಲ ವೈದ್ಯರು ರೋಗವೆಂದು ಕತ್ತರಿಸುತ್ತಿದ್ದುದರಲ್ಲಿ ಬಹುಪಾಲು ಮಗು ಬೆಳೆಯುವ ಸಹಜ ಹಂತ. ಈ ಶಸ್ತ್ರಚಿಕಿತ್ಸೆಯಿಂದಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐದು ವರ್ಷದೊಳಗಿನ ಸುಮಾರು 16 ಮಕ್ಕಳು ಪ್ರತಿವರ್ಷ ಸಾಯುತ್ತಿದ್ದರೆಂಬುದನ್ನೂ ಅವರು ದಾಖಲೆಗಳಿಂದ ತೆಗೆದಿಟ್ಟರು. 1949ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಈ ರೂಢಿ ಇಳಿಯುತ್ತಾ ಹೋಯಿತು. ಅಮೆರಿಕ ಕಿವಿಗೊಡಲಿಲ್ಲ. ನನ್ನ ಪಾಲಿಗೆ ಈ ಕಥೆಯ ದೊಡ್ಡ ಮನುಷ್ಯ ಗೇರ್ಡ್ನರ್.

ಸುನ್ನತಿಯಿಂದ ವೈದ್ಯಕೀಯ ಲಾಭವೇ ಇಲ್ಲವೆಂದರೆ ತಪ್ಪಾದೀತು. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಗಳಲ್ಲಿ ವಯಸ್ಕರ ಮೇಲೆ ನಡೆದ ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ತಗಲುವುದು ಸುಮಾರು ಶೇ. 60ರಷ್ಟು ಕಡಿಮೆಯಾದದ್ದು ಕಂಡುಬಂತು. ಅದನ್ನು ಆಧರಿಸಿ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಹೆಚ್ಚಿರುವ ಪ್ರದೇಶಗಳಿಗೆ ಸುನ್ನತಿಯನ್ನು ಶಿಫಾರಸು ಮಾಡಿತು. ಗಟ್ಟಿ ಪುರಾವೆಯೆಂದರೆ ಅದು: ಮಾಡಿಸಿಕೊಂಡವರನ್ನೂ ಮಾಡಿಸಿಕೊಳ್ಳದವರನ್ನೂ ಎದುರುಬದುರಿಟ್ಟು ಎಣಿಸಿದ್ದು.

ನಮ್ಮಲ್ಲೂ ಎರಡು ಮೂರು ವರ್ಷದ ಮಗನ ಚರ್ಮ ಹಿಂದೆ ಸರಿಯುತ್ತಿಲ್ಲವೆಂದು ಹೆದರುವ ತಂದೆತಾಯಂದಿರಿದ್ದಾರೆ. ಸ್ನಾನ ಮಾಡಿಸುವಾಗ ಬಲವಂತವಾಗಿ ಎಳೆಯುವವರೂ ಇದ್ದಾರೆ. ದಯವಿಟ್ಟು ಎಳೆಯಬೇಡಿ, ಎಳೆದರೆ ಗಾಯವಾಗಿ ಇಲ್ಲದ ಬಿಗಿತ ಬರಬಹುದು. ಉರಿ, ಕೀವು, ಮೂತ್ರ ಕಟ್ಟುವುದು, ಚರ್ಮ ಬೆಳ್ಳಗೆ ಗಡುಸಾಗುವುದು ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಇಂಥದ್ದೇನೂ ಇಲ್ಲದೆ ಯಾರಾದರೂ ಆಪರೇಷನ್ ಎಂದರೆ, ಸ್ವಲ್ಪ ದಿನ ಕಾದರೆ ಏನಾಗುತ್ತದೆ, ಮುಲಾಮಿನಿಂದ ಗುಣವಾಗುವುದಿಲ್ಲವೇ ಎಂದು ಮೊದಲು ಕೇಳಿ.