ಲಂಡನ್ ಹತ್ತೂವರೆ ಗಂಟೆ ದೂರ, ಬೆಂಡೆಕಾಯಿಗೆ ಎಷ್ಟು?

"ಅಣ್ಣಾ, ನಮ್ ಬೆಂಡೆಕಾಯಿ ಲಂಡನ್‌ಗೆ ಕಳಿಸಬಹುದಾ? ಫ್ಲೈಟ್ ಬರೀ ಹತ್ತೂವರೆ ಗಂಟೆಯಂತೆ." ಕೆಂಗೇರಿ, ಮಾಗಡಿ ರಸ್ತೆ ಕಡೆಯ ಹುಡುಗರು ಆಗಾಗ ಕೇಳೋ ಪ್ರಶ್ನೆ ಇದು. ಬನ್ನಿ, ಲೆಕ್ಕ ಹಾಕೋಣ.

ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ನಾಲ್ಕು ಗಂಟೆ. ಸಿಂಗಾಪುರ 3,200 ಕಿ.ಮೀ., ನಾಲ್ಕೂವರೆ ಗಂಟೆ. ಲಂಡನ್ 8,000 ಕಿ.ಮೀ., ಹತ್ತೂವರೆ ಗಂಟೆ. ಸ್ಯಾನ್‌ಫ್ರಾನ್ಸಿಸ್ಕೊ ಸುಮಾರು 14,000 ಕಿ.ಮೀ. ಅಲ್ಲಿಂದ 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಹಾರಿ, ಸುಮಾರು 17 ಗಂಟೆಯಲ್ಲಿ ನೇರ ಬೆಂಗಳೂರಿಗೆ ಬಂದಿಳಿದರು. ಭೂಮಿ ಗುಂಡಗಿರೋದ್ರಿಂದ ಅದೇ ಹತ್ತಿರದ ದಾರಿ.

ಇದು ವಿಮಾನದ ಲೆಕ್ಕ. ಕಾಯಿಯ ಗಡಿಯಾರ ಶುರುವಾಗೋದು ನೀವು ಕೊಯ್ದ ಕ್ಷಣದಿಂದ. ಕೆಂಗೇರಿ ಕಡೆಯ ಒಂದು ಬಾಕ್ಸ್‌ಗೆ ನನ್ನ ಅಂದಾಜು ಹೀಗಿದೆ:

- ಕೊಯ್ಲು, ವಿಂಗಡಣೆ, ತಂಪು ಮಾಡೋದು, ಪ್ಯಾಕಿಂಗ್: 5 ಗಂಟೆ
- ದೇವನಹಳ್ಳಿ ಏರ್‌ಪೋರ್ಟ್‌ಗೆ ಸುಮಾರು 50 ಕಿ.ಮೀ.: 2 ಗಂಟೆ
- ಕಾರ್ಗೋದಲ್ಲಿ ತಪಾಸಣೆ, ಕಸ್ಟಮ್ಸ್, ಕಾಯುವಿಕೆ: 6 ಗಂಟೆ
- ಹಾರಾಟ: ಹತ್ತೂವರೆ ಗಂಟೆ
- ಅಲ್ಲಿ ಇಳಿಸಿ ವ್ಯಾಪಾರಿಯ ಕೈಗೆ: 6 ಗಂಟೆ

ಒಟ್ಟು ಸುಮಾರು 30 ಗಂಟೆ. ಹಾರಾಟ ಅದರಲ್ಲಿ ಮೂರನೇ ಒಂದು ಪಾಲು ಅಷ್ಟೇ.

ಇನ್ನು ಬಿಸಿಲಿನ ಲೆಕ್ಕ. ಕೊಯ್ದ ಮೇಲೂ ಕಾಯಿ ಉಸಿರಾಡುತ್ತೆ. ಉಷ್ಣಾಂಶ 10 ಡಿಗ್ರಿ ಏರಿದರೆ ಉಸಿರಾಟ ಎರಡರಿಂದ ಮೂರು ಪಟ್ಟು ಆಗುತ್ತೆ. ಅಂದರೆ 30 ಡಿಗ್ರಿಯಲ್ಲಿ ಒಂದು ಗಂಟೆ ಕಳೆದರೆ, 10 ಡಿಗ್ರಿಯಲ್ಲಿ ಕಡಿಮೆ ಅಂದರೂ ನಾಲ್ಕು ಗಂಟೆ ಕಳೆದ ಹಾಗೆ. ತೆರೆದ ಟೆಂಪೋದಲ್ಲಿ ಎರಡೂವರೆ ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, ವಿಮಾನ ಹತ್ತೋ ಮೊದಲೇ ಒಂದು ಲಂಡನ್ ಪ್ರಯಾಣದಷ್ಟು ಆಯಸ್ಸು ಹೋಯಿತು! ಹಾಗಂತ ಐಸ್ ಸುರಿಯಬೇಡಿ. ಬೆಂಡೆಯನ್ನು 7 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಾಗಿ ಗುಳಿ ಬೀಳುತ್ತೆ. 7ರಿಂದ 10 ಡಿಗ್ರಿ ಇದ್ದರೆ ವಾರದ ಮೇಲೂ ತಾಳುತ್ತೆ.

ಬಾಡಿಗೆಯಲ್ಲೂ ಒಂದು ಗುಟ್ಟಿದೆ. ಬಾಕ್ಸ್‌ನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6,000ದಿಂದ ಭಾಗಿಸಿ. ಬಂದ ಕಿಲೋ, ನಿಜವಾದ ತೂಕ, ಈ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 40×30×30ರ ಬಾಕ್ಸ್ ಅಂದರೆ 6 ಕಿಲೋ. ಒಳಗೆ 4 ಕಿಲೋ ತುಂಬಿದರೆ 2 ಕಿಲೋ ಗಾಳಿಗೆ ಬಾಡಿಗೆ ಕಟ್ಟಿದಂತೆ.

ಕಾಗದ ಪತ್ರ ಮರೆಯಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸಾವಯವ ಅಂತ ಮಾರಬೇಕಾದರೆ ಸರ್ಟಿಫಿಕೇಷನ್ ಬೇಕು, ತರಕಾರಿ ಜಮೀನಿಗೆ ಪರಿವರ್ತನೆಯ ಅವಧಿಯೇ ಎರಡು ವರ್ಷ. 2014ರ ಮೇನಲ್ಲಿ ಯುರೋಪ್ ಒಕ್ಕೂಟ ಹಣ್ಣುನೊಣದಂಥ ಕೀಟಗಳ ಕಾರಣಕ್ಕೆ ನಮ್ಮ ಮಾವು, ಬದನೆ, ಹಾಗಲ, ಪಡವಲವನ್ನೂ ತಡೆದಿತ್ತು. ಒಬ್ಬರ ಬಾಕ್ಸ್‌ನಲ್ಲಿ ಹುಳ ಸಿಕ್ಕರೆ ಬಾಗಿಲು ಎಲ್ಲರಿಗೂ ಮುಚ್ಚಬಹುದು.

ಹಾಗಾದರೆ ಬೇಡವಾ? ಬೇಡ ಅಂತಿಲ್ಲ. ಕೆಂಗೇರಿಯಿಂದ ವಿಜಯನಗರ, ಬಸವೇಶ್ವರನಗರದ ಮನೆಗಳಿಗೆ ಬೆಳಗಿನ ಜಾವ ಒಂದು ಗಂಟೆ ಸಾಕು. ಬಾಕ್ಸ್, ಬಾಡಿಗೆ, ಹಾಳಾಗೋ ಪಾಲು ಎಲ್ಲ ಕಳೆದ ಮೇಲೆ ಆ ದರಕ್ಕಿಂತ ಹೆಚ್ಚು ಉಳಿಯುತ್ತಾ ನೋಡಿ. ಉಳಿದರೆ ನಾಲ್ಕೈದು ಜನ ಸೇರಿ, ಅನುಭವಿ ರಫ್ತುದಾರರ ಮೂಲಕ ಮೊದಲು ದುಬೈಗೆ ಪ್ರಯತ್ನಿಸಿ.

ಈ ವಾರ ಒಂದು ಕೆಲಸ ಮಾಡಿ. ಕ್ರೇಟ್ ಒಳಗೆ ಥರ್ಮಾಮೀಟರ್ ಇಟ್ಟು, ಕೊಯ್ದಾಗಿನಿಂದ ಗಿರಾಕಿ ಕೈ ಸೇರೋವರೆಗೆ ಗಂಟೆಗೊಮ್ಮೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ನಿಮ್ಮ ಬೆಳೆ ಎಷ್ಟು ದೂರ ಹೋಗಬಲ್ಲದು ಅಂತ ಆ ಫೋಟೋಗಳೇ ಹೇಳುತ್ತವೆ.