ಹಾಲುಗಲ್ಲದ ಮಚ್ಚೆಗೆ ಯಾವ ಡಾಕ್ಟರು?

‘ಅಣ್ಣಾ, ಮಗೂಗೆ ತೊಡೆಸಂದೀಲಿ ಕೆಂಪಾಗಿದೆ, ಹಚ್ಚೋದಕ್ಕೆ ಏನಾದ್ರೂ ಕೊಡಿ.’

ಯಾವ ಊರಿನ ಮೆಡಿಕಲ್ ಶಾಪಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಮಗುವಿನ ಚರ್ಮಕ್ಕೆ ಮೊದಲ ಡಾಕ್ಟರು ಬಹುಪಾಲು ಅಂಗಡಿಯವರೇ. ಕೈಗೆ ಬರುವ ಸಣ್ಣ ಟ್ಯೂಬಿನಲ್ಲಿ ಅನೇಕ ಸಲ ಮೂರು ಮದ್ದು ಬೆರೆತಿರುತ್ತವೆ: ಫಂಗಸ್ಸಿಗೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೋಬೆಟಸಾಲ್‌ನಂಥ ಜೋರು ಸ್ಟೀರಾಯ್ಡು. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಮನೆಯವರಿಗೆಲ್ಲ ಸಮಾಧಾನ. ಹಚ್ಚುವುದು ಬಿಟ್ಟ ಮೇಲೆ ಅದೇ ಜಾಗ ಇನ್ನಷ್ಟು ಅಗಲವಾಗಿ ಕೆಂಪೇರುತ್ತದೆ. ಅಷ್ಟು ಹೊತ್ತಿಗೆ ಹುಳುಕಡ್ಡಿಯ ಉಂಗುರದಂಥ ಅಂಚು ಅಳಿಸಿಹೋಗಿ, ರೋಗ ಯಾವುದೆಂದು ಗುರುತಿಸುವುದು ಡಾಕ್ಟರಿಗೂ ಕಷ್ಟ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲಿನ ಈ ನಿಯಮ ಅಂಗಡಿಯ ಕಟ್ಟೆಯವರೆಗೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ. ದೊಡ್ಡವರಿಗಿಂತ ಮಗುವಿಗೆ ಈ ಸ್ಟೀರಾಯ್ಡಿನ ಪೆಟ್ಟು ಹೆಚ್ಚು. ತೂಕಕ್ಕೆ ಹೋಲಿಸಿದರೆ ಎಳೆಗೂಸಿನ ಮೈಚರ್ಮದ ವಿಸ್ತಾರ ದೊಡ್ಡವರದರ ಎರಡು ಪಟ್ಟಿಗೂ ಮಿಕ್ಕಿದ್ದು, ಹಚ್ಚಿದ ಮದ್ದು ಅದೇ ಲೆಕ್ಕದಲ್ಲಿ ರಕ್ತಕ್ಕಿಳಿಯುತ್ತದೆ. ಮೇಲೆ ಬಿಗಿಯಾದ ಡೈಪರ್ ಬೇರೆ ಇದ್ದರೆ ಹೀರಿಕೆ ಇನ್ನೂ ಜಾಸ್ತಿ. ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುವುದಷ್ಟೇ ಅಲ್ಲ, ಮಗುವಿನ ದೇಹ ತಾನೇ ತಯಾರಿಸಿಕೊಳ್ಳುವ ಸ್ಟೀರಾಯ್ಡ್ ಹಾರ್ಮೋನು ಕೂಡ ಕುಗ್ಗಬಹುದು.

ಹಾಗಾದರೆ ಹೋಗುವುದು ಯಾರ ಹತ್ತಿರ? ಮೊದಲು, ಲಸಿಕೆ ಹಾಕುವ ಮಕ್ಕಳ ಡಾಕ್ಟರ ಹತ್ತಿರವೇ. ಬೆವರುಸಾಲೆ, ಡೈಪರಿನ ಕೆಂಪು, ಹುಟ್ಟಿದ ಕೆಲವೇ ವಾರಗಳಲ್ಲಿ ನೆತ್ತಿಗೆ ಕಟ್ಟುವ ಎಣ್ಣೆಹೊಟ್ಟು, ನವಜಾತ ಶಿಶುವಿನ ಮೂಗಿನ ಮೇಲಿನ ರಾಗಿಕಾಳಿಗಿಂತ ಸಣ್ಣ ಬಿಳಿ ಗುಳ್ಳೆ ಇವೆಲ್ಲ ಅಲ್ಲೇ ತೀರುವ ವ್ಯವಹಾರ. ಕೆಲವಕ್ಕಂತೂ ಮದ್ದೇ ಬೇಡ. ಕೊಟ್ಟ ಔಷಧಿಗೆ ಬಗ್ಗದಿದ್ದರೆ, ಮತ್ತೆ ಮತ್ತೆ ಮರಳಿದರೆ, ಹುಟ್ಟುಮಚ್ಚೆ ಬೆಳೆಯುತ್ತಿದ್ದರೆ ಆಗ ಚರ್ಮದ ಡಾಕ್ಟರು.

ತೊಡಕು ಶುರುವಾಗುವುದು ಇಲ್ಲಿ. ಪೇಟೆಬೀದಿಯಲ್ಲಿ ‘ಸ್ಕಿನ್ ಅಂಡ್ ಹೇರ್’ ಬೋರ್ಡುಗಳಿಗೆ ಬರವಿಲ್ಲ. ಅವುಗಳಲ್ಲಿ ಹಲವು ಕೂದಲು ನೆಡುವ, ಮುಖ ಬೆಳಗಿಸುವ ಅಂಗಡಿಗಳು. ಹೆಸರಿನ ಮುಂದಿನ ಅಕ್ಷರಗಳನ್ನು ತಾಳ್ಮೆಯಿಂದ ಓದಬೇಕು. ಎಂಬಿಬಿಎಸ್ ಆದಮೇಲೆ ಮೂರು ವರ್ಷದ ಎಂಡಿ ಡಿವಿಎಲ್, ಅಥವಾ ಡಿಎನ್‌ಬಿ, ಅಥವಾ ಎರಡು ವರ್ಷದ ಡಿಪ್ಲೊಮಾ ಓದಿದವರು ಚರ್ಮತಜ್ಞರು. ಅಲ್ಪಕಾಲದ ಕಾಸ್ಮೆಟಾಲಜಿ ಸರ್ಟಿಫಿಕೇಟು ಇದಕ್ಕೆ ಸಮನಲ್ಲ. ಚೀಟಿಯ ಮೇಲೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ಖಾಸಗಿ ಕ್ಲಿನಿಕ್ಕಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯೂ ಇರಬೇಕು. ಇದನ್ನು ಕೇಳುವುದಕ್ಕೆ ಸಂಕೋಚ ಪಡುವವರು ಸೀರೆ ಅಂಗಡಿಯಲ್ಲಿ ಸಿಲ್ಕ್ ಮಾರ್ಕ್ ಕೇಳಲು ಹಿಂದೆಮುಂದೆ ನೋಡುವುದಿಲ್ಲ ಎಂಬುದು ತಮಾಷೆ.

ಮಕ್ಕಳ ಚರ್ಮವನ್ನೇ ವಿಶೇಷವಾಗಿ ಅಭ್ಯಾಸ ಮಾಡಿದವರು ಕಡಿಮೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಹಾಗೆಂದು ರಾಯಚೂರು, ಕಾರವಾರದವರು ರಾತ್ರಿ ಬಸ್ಸು ಹತ್ತಿಯೇ ತೀರಬೇಕೆಂದಿಲ್ಲ. ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗ ಮಕ್ಕಳನ್ನೂ ನೋಡುತ್ತದೆ. ಕಜ್ಜಿ, ಇಸುಬು, ಹುಳುಕಡ್ಡಿಗೆ ಅಲ್ಲಿಯ ತಜ್ಞರು ಧಾರಾಳ ಸಾಕು. ಚರ್ಮ ಸುಲಿಯುವ, ಮುಟ್ಟಿದರೆ ಬೊಕ್ಕೆ ಏಳುವ ವಂಶವಾಹಿ ಕಾಯಿಲೆಗಳಿಗೆ ಮಾತ್ರ ದೊಡ್ಡ ಕೇಂದ್ರ ಅನಿವಾರ್ಯ.

ಡಿಗ್ರಿ ಅಷ್ಟೇ ಸಾಲದು. ಡಾಕ್ಟರು ಒಳ್ಳೆಯವರೇ ಎಂಬುದು ಅವರು ಕೇಳುವ ಪ್ರಶ್ನೆಗಳಲ್ಲಿ ಗೊತ್ತಾಗುತ್ತದೆ. ಕಜ್ಜಿಯನ್ನೇ ತೆಗೆದುಕೊಳ್ಳಿ. ರಾತ್ರಿಯೆಲ್ಲ ಕೆರೆದುಕೊಳ್ಳುವ ನಾಲ್ಕು ವರ್ಷದ ಹುಡುಗನನ್ನು ಕರೆತಂದರೆ ಬಲ್ಲ ಡಾಕ್ಟರು ಮೊದಲು ಅವನ ಬೆರಳು ಬಿಡಿಸಿ ಸಂದಿ ನೋಡುತ್ತಾರೆ, ಮಣಿಕಟ್ಟು, ಹೊಕ್ಕುಳ ಸುತ್ತ, ಚಡ್ಡಿ ಸರಿಸಿ ಜನನಾಂಗದ ಹತ್ತಿರ ನೋಡುತ್ತಾರೆ. ‘ಮನೇಲಿ ಇನ್ಯಾರಿಗಮ್ಮಾ ತುರಿಕೆ?’ ಎನ್ನುತ್ತಾರೆ. ‘ಯಾರಿಗೂ ಇಲ್ಲ ಮೇಡಂ’ ಎನ್ನುತ್ತಲೇ ತಾಯಿ ತನ್ನ ಮೊಣಕೈ ಕೆರೆದುಕೊಳ್ಳುತ್ತಿರುತ್ತಾಳೆ. ಕಜ್ಜಿಯ ಹುಳು ಮೈಗೆ ಮೈ ತಾಗಿ ಹಬ್ಬುವುದರಿಂದ, ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ರಾತ್ರಿ ಪರ್ಮೆಥ್ರಿನ್ ಕ್ರೀಮು ಹಚ್ಚಿಕೊಂಡು, 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ವಾರದ ಮೇಲೆ ಮತ್ತೊಮ್ಮೆ. ಹುಡುಗನಿಗೊಬ್ಬನಿಗೇ ಕ್ರೀಮು ಬರೆದು ಕಳಿಸಿದರೆ, ಫೀಸು ಎಷ್ಟೇ ಇರಲಿ, ತಿಂಗಳೊಳಗೆ ಅದೇ ಬಾಗಿಲಿಗೆ ಮತ್ತೆ ಬರುವುದು ಬಹುತೇಕ ಗ್ಯಾರಂಟಿ.

ಬಟ್ಟೆ ಬಿಚ್ಚಿಸಿ ಇಡೀ ಮೈ ನೋಡುವುದಕ್ಕೂ ಕಾರಣವಿದೆ. ಹಾಲು ಬೆರೆತ ಕಾಫಿಯ ಬಣ್ಣದ ಒಂದೆರಡು ಮಚ್ಚೆ ಯಾವ ಮಗುವಿನಲ್ಲೂ ಇರಬಹುದು. 5 ಮಿ.ಮೀ.ಗಿಂತ ದೊಡ್ಡವು ಆರು ಅಥವಾ ಹೆಚ್ಚಿದ್ದರೆ ನರಗಳ ಮೇಲೆ ಗಂಟು ಬೆಳೆಸುವ ನ್ಯೂರೋಫೈಬ್ರೊಮಟೋಸಿಸ್ ಇದೆಯೇ ಎಂದು ಹುಡುಕಬೇಕಾಗುತ್ತದೆ. ಅಂಗಿ ತೆಗೆಸದವರಿಗೆ ಎಣಿಕೆ ಸಿಗದು.

ಕೆನ್ನೆಯ ಬಿಳಿ ಮಚ್ಚೆಯದು ಬೇರೆಯೇ ಕತೆ. ಅಜ್ಜಿ ಹೊಟ್ಟೆಹುಳು ಎನ್ನುತ್ತಾಳೆ, ಪಕ್ಕದ ಮನೆಯವರು ಕ್ಯಾಲ್ಸಿಯಂ ಕಡಿಮೆ ಎನ್ನುತ್ತಾರೆ, ಒಳಗೊಳಗೇ ಎಲ್ಲರಿಗೂ ತೊನ್ನಿನ ದಿಗಿಲು. ಬಹುಪಾಲು ಅದು ಒಣಚರ್ಮದಿಂದ ಆಗುವ ಪಿಟಿರಿಯಾಸಿಸ್ ಆಲ್ಬಾ. ಬಿಸಿಲಿನಲ್ಲಿ ಸುತ್ತಲಿನ ಚರ್ಮ ಕಪ್ಪಾದಾಗ ಎದ್ದು ಕಾಣುತ್ತದೆ, ಮಾಯ್ಶ್ಚರೈಸರ್ ಹಚ್ಚುತ್ತ ಕಾದರೆ ತಿಂಗಳುಗಳಲ್ಲಿ ಮಾಸುತ್ತದೆ. ಮಚ್ಚೆಯ ಮೇಲೆ ಸ್ಪರ್ಶ ಗೊತ್ತಾಗದಿದ್ದರೆ ಮಾತ್ರ ಕುಷ್ಠದ ಪರೀಕ್ಷೆ ಆಗಲೇಬೇಕು. ಅದರ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆ.

ಕಾಯುವುದು ಕೆಲವಕ್ಕೆ ಮದ್ದು, ಕೆಲವಕ್ಕೆ ನಷ್ಟ. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು ಹಣ್ಣಿನಂತೆ ಕೆಂಪಗೆ ಉಬ್ಬುವ ರಕ್ತನಾಳದ ಗಡ್ಡೆ, ಅಂದರೆ ಹೆಮಾಂಜಿಯೋಮಾ, ಮೊದಲ ಐದು ತಿಂಗಳಲ್ಲೇ ಬಹುಪಾಲು ಬೆಳೆದುಬಿಡುತ್ತದೆ. ಬಹಳಷ್ಟು ತಾವೇ ಕರಗುತ್ತವೆ ನಿಜ. ಕಣ್ಣು, ತುಟಿ, ಮೂಗಿನ ಹತ್ತಿರ ಇದ್ದವು ಮಾತ್ರ ತೊಂದರೆ ಕೊಡುತ್ತವೆ. 2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು, ಮೂಗಿನ ಮೇಲೆ ಇಂಥ ಗಡ್ಡೆಯಿದ್ದ ಮಗುವಿಗೆ ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಕೊಟ್ಟಿದ್ದಾಗಿಯೂ, ಮರುದಿನವೇ ಗಡ್ಡೆ ಮೆತ್ತಗಾಗಿ ಬಣ್ಣ ಬದಲಿಸಿದ್ದಾಗಿಯೂ ವರದಿ ಮಾಡಿದರು. ಹೃದಯದ ಆ ಹಳೆಯ ಔಷಧಿಯೇ ಈಗ ಇದಕ್ಕೆ ಮೊದಲ ಆಯ್ಕೆ. ‘ದೊಡ್ಡವನಾದ ಮೇಲೆ ನೋಡೋಣ’ ಎಂದವರ ಪಾಲಿಗೆ ಅದು ಕೆಲಸ ಮಾಡುವ ಕಾಲವೇ ಕಳೆದಿರುತ್ತದೆ.

ಸ್ಟೀರಾಯ್ಡಿನ ದುರ್ಬಳಕೆ ಎಷ್ಟಿದೆಯೋ ಅದರ ಮೇಲಿನ ಭಯವೂ ಅಷ್ಟೇ ಇದೆ. ಇಸುಬಿನ ಮಗುವಿಗೆ ತಜ್ಞರು ಬರೆದ ಸೌಮ್ಯ ಸ್ಟೀರಾಯ್ಡನ್ನು ಇಂಟರ್ನೆಟ್ಟು ನೋಡಿ ಕಸದಬುಟ್ಟಿಗೆ ಹಾಕುವ ತಂದೆತಾಯಂದಿರಿದ್ದಾರೆ. ಮಗು ಮಾತ್ರ ನಿದ್ದೆಗೆಟ್ಟು ಕೆರೆದುಕೊಳ್ಳುತ್ತದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎಲ್ಲಿಗೆ, ಎಷ್ಟು, ಎಷ್ಟು ದಿನ ಎಂದು ಹೀಗೆ ಅಳತೆ ಹೇಳಿ ಕಳಿಸುವ ಡಾಕ್ಟರು ಸಿಕ್ಕರೆ ಅವರನ್ನೇ ಹಿಡಿದುಕೊಳ್ಳಬೇಕು. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಚೀಲಕ್ಕೆ ಹಾಕಿಕೊಂಡು ಹೋಗುವುದು ಒಳ್ಳೆಯದು. ಪಿತ್ತದ ಗಂಧೆ ಸಂಜೆ ಎದ್ದು ಬೆಳಿಗ್ಗೆ ಮಾಯವಾಗುತ್ತದೆ. ಅದನ್ನು ಎದ್ದಾಗಲೇ ಹಗಲಿನಂಥ ಬೆಳಕಿನಲ್ಲಿ ಫೋಟೊ ತೆಗೆದಿಟ್ಟರೆ ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತದೆ. ದೂರದ ಊರಿನವರಿಗೆ ಸರ್ಕಾರದ ಇ-ಸಂಜೀವಿನಿಯಲ್ಲಿ ಉಚಿತ ದೂರಸಲಹೆಯ ದಾರಿಯೂ ಇದೆ.

ಕೆಲವು ಸಲ ಚರ್ಮದ ಡಾಕ್ಟರನ್ನು ಹುಡುಕುತ್ತ ಕೂರಬಾರದು. ಜ್ವರದ ಜೊತೆ ಮೈಮೇಲೆ ಕೆಂಪು-ನೇರಳೆ ಚುಕ್ಕೆ ಎದ್ದು, ಗಾಜಿನ ಲೋಟ ಒತ್ತಿ ಹಿಡಿದರೂ ಬಣ್ಣ ಮಾಸದಿದ್ದರೆ, ಹೊಸ ಮಾತ್ರೆ ಶುರುವಾದ ಮೇಲೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ, ಅಥವಾ ತಿಂಗಳು ತುಂಬದ ಕೂಸಿನ ಮೈಮೇಲೆ ನೀರುಗುಳ್ಳೆ ಎದ್ದರೆ, 108ಕ್ಕೆ ಕರೆ ಮಾಡಿ, ಮಕ್ಕಳ ವಿಭಾಗವಿರುವ ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ನೇರ ಹೋಗಬೇಕು. ಚರ್ಮತಜ್ಞರನ್ನು ಅಲ್ಲಿಗೇ ಕರೆಸುತ್ತಾರೆ.